ಹಾನ್ಲೆಯಲ್ಲಿ ದೂರದರ್ಶಕ, ಹೊಸಕೋಟೆಯಲ್ಲಿ ಕೀಲಿಮಣೆ

ಬೆಂಗಳೂರಿನಿಂದ ಈಶಾನ್ಯಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿ, ಹೊಸಕೋಟೆಯ ಬಳಿ, ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಒಂದು ಆವರಣವಿದೆ. ಸಂಜೆಯಾಗುತ್ತಿದ್ದಂತೆ ಅಲ್ಲಿನ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಶುರುವಾಗುತ್ತದೆ. ಅಲ್ಲಿ ಕುಳಿತವರ ಎದುರಿಗಿರುವುದು ಆಕಾಶವಲ್ಲ, ಕಂಪ್ಯೂಟರ್ ಪರದೆಗಳು. ಹೊಸಕೋಟೆಯಲ್ಲಿ ಜಡಿಮಳೆ ಹಿಡಿದಿದ್ದರೂ ಅವರ ಕೆಲಸಕ್ಕೆ ಅಡ್ಡಿಯಿಲ್ಲ. ಅವರು ಒತ್ತುವ ಕೀಲಿಗೆ ಓಗೊಟ್ಟು ತಿರುಗುವ ದೂರದರ್ಶಕ ಇರುವುದು ಲಡಾಖ್‌ನ ಹಾನ್ಲೆಯಲ್ಲಿ. ನೇರ ಗೆರೆ ಎಳೆದು ಅಳೆದರೂ ಅದು ಸುಮಾರು 2,200 ಕಿ.ಮೀ. ದೂರ.

ಒಂದು ಕಡೆ ಇರುವ ಉಪಕರಣವನ್ನು ಇನ್ನೊಂದು ಕಡೆಯಿಂದ ನಡೆಸುವುದು, ಒಬ್ಬರ ಸ್ವತ್ತಾಗಿದ್ದುದನ್ನು ಹತ್ತು ಜನ ಹಂಚಿಕೊಳ್ಳುವುದು ಇಂದು ವಿಜ್ಞಾನದ ದಿನನಿತ್ಯದ ರೂಢಿ. ಆದರೆ ಈ ರೂಢಿ ಏಕಾಏಕಿ ಬಂದದ್ದಲ್ಲ. ಇದರ ಹಿಂದೆ ಯಂತ್ರಗಳ ಕಥೆಯ ಜೊತೆಗೆ ಅಧಿಕಾರದ, ಸರದಿಯ, ನಂಬಿಕೆಯ ಕಥೆಯೂ ಇದೆ.

ನೋಡುವವನೇ ಹೋಗಬೇಕಿದ್ದ ಕಾಲ

ಆಕಾಶ ನೋಡುವವರು ದೂರದರ್ಶಕವಿದ್ದ ಕಡೆಗೆ ಹೋಗಿ ನೆಲೆಸಬೇಕು ಎಂಬುದು ಶತಮಾನಗಳ ನಿಯಮವಾಗಿತ್ತು. ಖಗೋಳ ಭೌತವಿಜ್ಞಾನ ಸಂಸ್ಥೆ ತನ್ನ ವಂಶಾವಳಿಯನ್ನು 1786ರಲ್ಲಿ ಮದರಾಸಿನಲ್ಲಿ ಆರಂಭವಾದ ವೀಕ್ಷಣಾಲಯದವರೆಗೆ ಹಿಂದಕ್ಕೆ ಎಣಿಸುತ್ತದೆ. ಕಡಲ ತೀರದ ತೇವದ ಗಾಳಿ ಸೂರ್ಯನ ಅಧ್ಯಯನಕ್ಕೆ ಒಗ್ಗದಾದಾಗ ಕೆಲಸ 1899ರಲ್ಲಿ ಕೊಡೈಕೆನಾಲ್ ಬೆಟ್ಟಕ್ಕೆ ಹೋಯಿತು. ಅದರೊಂದಿಗೆ ವಿಜ್ಞಾನಿಗಳ ಸಂಸಾರಗಳೂ ಬೆಟ್ಟ ಹತ್ತಿದವು. ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುತ್ತದೆ ಎಂಬುದನ್ನು ಜಾನ್ ಎವರ್‌ಷೆಡ್ 1909ರಲ್ಲಿ ಕಂಡುಕೊಂಡದ್ದು ಅಲ್ಲಿದ್ದುಕೊಂಡೇ.

1960ರ ದಶಕದಲ್ಲಿ ಖಗೋಳ ವಿಜ್ಞಾನಿ ವೇಣು ಬಪ್ಪು ಅವರು ತಮಿಳುನಾಡಿನ ಜವಾದಿ ಬೆಟ್ಟಗಳ ನಡುವೆ ಕಾವಲೂರನ್ನು ಆರಿಸಿಕೊಂಡರು. ಅಲ್ಲಿ 2.34 ಮೀಟರ್ ವ್ಯಾಸದ ಕನ್ನಡಿಯ ದೂರದರ್ಶಕ ಸಿದ್ಧವಾಗಿ 1986ರಲ್ಲಿ ಉದ್ಘಾಟನೆಯಾಗುವ ಹೊತ್ತಿಗೆ ಬಪ್ಪು ತೀರಿಕೊಂಡಿದ್ದರು. ಆ ದೂರದರ್ಶಕಕ್ಕೆ ಅವರ ಹೆಸರನ್ನೇ ಇಡಲಾಯಿತು. ಬೆಂಗಳೂರಿನಿಂದ ಕೆಲವು ಗಂಟೆಗಳ ದಾರಿ. ವಿಜ್ಞಾನಿಗಳು ಹೋಗುತ್ತಿದ್ದರು, ಪಾಲಿಗೆ ಬಂದ ರಾತ್ರಿಗಳನ್ನು ಕಳೆದು ಹಿಂದಿರುಗುತ್ತಿದ್ದರು. ಆ ರಾತ್ರಿಗಳಲ್ಲಿ ಮೋಡ ಕವಿದರೆ ಬರಿಗೈಯಲ್ಲಿ ವಾಪಸು. ದಕ್ಷಿಣದಲ್ಲಿ ಎರಡೂ ಮುಂಗಾರುಗಳ ಮೋಡ ವರ್ಷದ ಬಹುಪಾಲು ಆಕಾಶವನ್ನು ಕಾಡುವುದರಿಂದ ಇಂಥ ನಿರಾಶೆ ಅಪರೂಪವೇನೂ ಆಗಿರಲಿಲ್ಲ.

ಅಂದಿನ ವೀಕ್ಷಣೆ ದೇಹವನ್ನು ದಂಡಿಸುವ ಕೆಲಸವೂ ಆಗಿತ್ತು. ಗಾಜಿನ ಛಾಯಾಫಲಕದ ಮೇಲೆ ಮಂಕಾದ ನಕ್ಷತ್ರವೊಂದು ಮೂಡಬೇಕಾದರೆ ಗಂಟೆಗಟ್ಟಲೆ ಬೆಳಕು ಬೀಳಬೇಕು. ಅಷ್ಟೂ ಹೊತ್ತು ವೀಕ್ಷಕ ಕಣ್ಣನ್ನು ದೂರದರ್ಶಕಕ್ಕೆ ಅಂಟಿಸಿಕೊಂಡು, ನಕ್ಷತ್ರ ಕೂದಲೆಳೆಯಷ್ಟೂ ಜರುಗದಂತೆ ಕೈಯಿಂದ ತಿದ್ದುತ್ತಿರಬೇಕು. ಗುಮ್ಮಟದ ಬಾಯಿ ತೆರೆದಿರುವುದರಿಂದ ಒಳಗೆ ಒಲೆ ಹೊತ್ತಿಸುವಂತಿಲ್ಲ, ಚಳಿ ಕಾಯಿಸುವಂತಿಲ್ಲ. ಬಿಸಿಗಾಳಿ ಎದ್ದರೆ ಬಿಂಬ ನಡುಗುತ್ತದೆ.

ಬಾಹ್ಯಾಕಾಶ ಕಲಿಸಿದ ಪಾಠ

ಮನುಷ್ಯ ಜೊತೆಗೆ ಹೋಗಲಾಗದ ಕಡೆ ಉಪಕರಣವನ್ನು ಇಟ್ಟಾಗ ಈ ನಿಯಮ ಮುರಿಯಲೇಬೇಕಾಯಿತು. 1978ರ ಜನವರಿ 26ರಂದು ಕಕ್ಷೆಗೆ ಹಾರಿದ 'ಇಂಟರ್‌ನ್ಯಾಷನಲ್ ಅಲ್ಟ್ರಾವಯಲೆಟ್ ಎಕ್ಸ್‌ಪ್ಲೋರರ್' ಎಂಬ ಉಪಗ್ರಹ ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕದ ನಾಸಾ, ಯುರೋಪಿನ ಬಾಹ್ಯಾಕಾಶ ಸಂಸ್ಥೆ ಮತ್ತು ಬ್ರಿಟನ್ ಕೂಡಿ ಮಾಡಿದ ಈ ಉಪಗ್ರಹದಲ್ಲಿ ಕೇವಲ 45 ಸೆಂ.ಮೀ. ಕನ್ನಡಿಯ ದೂರದರ್ಶಕವಿತ್ತು. ನೆಲಕ್ಕೆ ತಲುಪದ ಅತಿನೇರಿಳೆ ಬೆಳಕನ್ನು ಹಿಡಿಯುವುದು ಅದರ ಕೆಲಸ.

ಅದರ ದಿನದ 24 ಗಂಟೆಗಳಲ್ಲಿ 16 ಗಂಟೆ ಅಮೆರಿಕದ ಗೊಡ್ಡಾರ್ಡ್ ಕೇಂದ್ರಕ್ಕೆ, 8 ಗಂಟೆ ಸ್ಪೇನಿನ ಮ್ಯಾಡ್ರಿಡ್ ಬಳಿಯ ಕೇಂದ್ರಕ್ಕೆ ಎಂದು ಹಂಚಿಕೆಯಾಗಿತ್ತು. ಅತಿಥಿ ವಿಜ್ಞಾನಿ ಕೇಂದ್ರಕ್ಕೆ ಬಂದು ನಿಯಂತ್ರಕರ ಪಕ್ಕದಲ್ಲಿ ಕುಳಿತು, ಪರದೆಯ ಮೇಲೆ ಬಂದದ್ದನ್ನು ನೋಡಿ, ಮುಂದಿನದೇನು ಎಂದು ಅಲ್ಲಿಯೇ ತೀರ್ಮಾನಿಸುತ್ತಿದ್ದ. ಉಪಗ್ರಹ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಮೂರು ವರ್ಷದ ಬಾಳಿಕೆಗೆಂದು ಕಟ್ಟಿದ ಈ ಉಪಕರಣ 1996ರವರೆಗೆ, ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲ ದುಡಿದು ಒಂದು ಲಕ್ಷಕ್ಕೂ ಮಿಕ್ಕಿ ರೋಹಿತಗಳನ್ನು ಕೊಟ್ಟಿತು. ಉಪಕರಣವನ್ನು ಮುಟ್ಟದೆಯೂ ಅದನ್ನು ತನ್ನದೆಂಬಂತೆ ಬಳಸಬಹುದು ಎಂಬುದನ್ನು ಖಗೋಳ ವಿಜ್ಞಾನಿಗಳ ಒಂದು ತಲೆಮಾರು ಕಲಿತದ್ದು ಇದರಿಂದ.

ಗ್ರೀನ್‌ಲೆಂಡಿನ ರೇಡಾರ್, ಸ್ಯಾನ್ ಡಿಯಾಗೊದ ಸೂಕ್ಷ್ಮದರ್ಶಕ

ಉಪಗ್ರಹಕ್ಕೆ ಆದದ್ದು ನೆಲದ ಉಪಕರಣಗಳಿಗೂ ಆಗಬಾರದೇಕೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಕಂಪ್ಯೂಟರ್ ಜಾಲಗಳು. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ವಿಲಿಯಂ ವುಲ್ಫ್ 1989ರಲ್ಲಿ 'ಕೊಲಾಬೊರೇಟರಿ' ಎಂಬ ಹೊಸ ಪದವನ್ನು ಚಲಾವಣೆಗೆ ತಂದರು. ಗೋಡೆಗಳಿಲ್ಲದ ಪ್ರಯೋಗಶಾಲೆ ಎಂಬುದು ಅದರ ಭಾವಾರ್ಥ. ವಿಜ್ಞಾನಿ ಎಲ್ಲೇ ಇರಲಿ, ಸಹೋದ್ಯೋಗಿಗಳೊಡನೆ ಮಾತನಾಡುವಂತಿರಬೇಕು, ಉಪಕರಣ ಕೈಗೆ ಸಿಗುವಂತಿರಬೇಕು, ಮಾಹಿತಿ ಹಂಚಿಕೊಳ್ಳುವಂತಿರಬೇಕು.

ಈ ಕಲ್ಪನೆಗೆ ಮೊದಮೊದಲು ರೂಪ ಕೊಟ್ಟವರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಪ್ರಮುಖರು. ಮೇಲಿನ ವಾತಾವರಣವನ್ನು ಅಭ್ಯಸಿಸುವ ದೊಡ್ಡ ರೇಡಾರ್ ಒಂದು ಗ್ರೀನ್‌ಲೆಂಡಿನ ಕಾಂಗರ್ಲುಸುವಾಕ್‌ನಲ್ಲಿತ್ತು. ಅದನ್ನು ಬಳಸಬೇಕೆಂದರೆ ಹಿಮದ ನಾಡಿಗೆ ವಿಮಾನ ಹತ್ತಬೇಕು. ಸೌರ ಬಿರುಗಾಳಿ ಮಾತ್ರ ವಿಜ್ಞಾನಿಯ ಪ್ರಯಾಣದ ದಿನ ನೋಡಿಕೊಂಡು ಬೀಸುವುದಿಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಈ ರೇಡಾರಿನ ಮಾಹಿತಿಯನ್ನು ಅಮೆರಿಕದ ಹಲವು ವಿಶ್ವವಿದ್ಯಾಲಯಗಳ ಪರದೆಗಳಿಗೆ ಏಕಕಾಲಕ್ಕೆ ತರಲಾಯಿತು. ಜೊತೆಗೆ ಎಲ್ಲರೂ ಬೆರಳಚ್ಚಿಸಿ ಮಾತನಾಡುವ ಕಿಟಕಿಯೊಂದನ್ನು ಕೊಡಲಾಯಿತು. ಪ್ರಯಾಣದ ವೆಚ್ಚ ಉಳಿದದ್ದು ಒಂದು ಲಾಭವಾದರೆ, ಹಿರಿಯರು ವಾದಿಸುವುದನ್ನು ವಿದ್ಯಾರ್ಥಿಗಳು ಪಕ್ಕದಲ್ಲಿದ್ದಂತೆಯೇ ಕೇಳಿಸಿಕೊಳ್ಳಲು ಸಾಧ್ಯವಾದದ್ದು ಇನ್ನೊಂದು ಲಾಭ.

ಇದೇ ಕಾಲದಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ತನ್ನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು 1992ರಲ್ಲಿ ಷಿಕಾಗೊದ ಸಮ್ಮೇಳನವೊಂದರಲ್ಲಿ ಕುಳಿತು ನಡೆಸಿ ತೋರಿಸಿತು. ಮುಂದೆ ಅದೇ ತಂಡ ಜಪಾನಿನ ಒಸಾಕಾದಲ್ಲಿದ್ದ 30 ಲಕ್ಷ ವೋಲ್ಟ್‌ನ ಸೂಕ್ಷ್ಮದರ್ಶಕವನ್ನೂ ಪೆಸಿಫಿಕ್ ಸಾಗರದಾಚೆಯಿಂದ ಬಳಸಿತು. ಅಷ್ಟು ಶಕ್ತಿಯ ಸೂಕ್ಷ್ಮದರ್ಶಕಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಪ್ರತಿ ವಿಶ್ವವಿದ್ಯಾಲಯವೂ ಒಂದೊಂದು ಕೊಳ್ಳುವ ಮಾತಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದವರು 1999ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶಾಲಾ ಮಕ್ಕಳಿಗೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಬಿಟ್ಟುಕೊಟ್ಟರು. ಮಕ್ಕಳು ಹಿಡಿದ ಹುಳಹುಪ್ಪಟೆಯನ್ನು ಅಂಚೆಯಲ್ಲಿ ಕಳಿಸಬೇಕು. ಗೊತ್ತಾದ ದಿನ ತರಗತಿಯ ಕಂಪ್ಯೂಟರ್ ಮುಂದೆ ಕುಳಿತು ನೊಣದ ಕಣ್ಣನ್ನೋ ಇರುವೆಯ ಮೀಸೆಯನ್ನೋ ತಾವೇ ಹಿಗ್ಗಿಸಿ ನೋಡಬೇಕು.

ಸರಸ್ವತಿ ಬೆಟ್ಟದ ಮೇಲೆ

ಭಾರತದಲ್ಲಿ ಈ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಹಾನ್ಲೆಯಲ್ಲಿ. ಮುಂಗಾರಿನ ಕಾಟವಿಲ್ಲದ, ಎತ್ತರದ, ಒಣ ಹವೆಯ ಜಾಗ ಹುಡುಕುತ್ತಾ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದಲ್ಲಿ, ರಮಾನಾಥ ಕೌಶಿಕ್ ನಿರ್ದೇಶಕರಾಗಿದ್ದಾಗ, ಲಡಾಖ್ ತಲುಪಿದರು. ಲೇಹ್‌ನಿಂದ ಆಗ್ನೇಯಕ್ಕೆ ಸುಮಾರು 250 ಕಿ.ಮೀ. ದೂರದಲ್ಲಿ, ಚೀನಾ ಗಡಿಯ ಸಮೀಪ, ಹಾನ್ಲೆ ಎಂಬ ಹಳ್ಳಿ. ಹದಿನೇಳನೇ ಶತಮಾನದ ಬೌದ್ಧ ವಿಹಾರವೊಂದು ಅಲ್ಲಿನ ಹಳೆಯ ಗುರುತು. ಪಕ್ಕದ ಬೆಟ್ಟದ ನೆತ್ತಿಗೆ ಈಗ ಸರಸ್ವತಿ ಬೆಟ್ಟ ಎಂಬ ಹೆಸರು. ಎತ್ತರ 4,500 ಮೀಟರ್.

ಮಳೆನೆರಳಿನ ಈ ನೆಲದಲ್ಲಿ ವರ್ಷಕ್ಕೆ ಬೀಳುವ ಮಳೆ ಹಿಮಗಳ ಒಟ್ಟು ಪ್ರಮಾಣ 10 ಸೆಂ.ಮೀ.ಗಿಂತ ಕಡಿಮೆ. ರೋಹಿತ ತೆಗೆಯಲು ಒದಗುವ ರಾತ್ರಿಗಳು ವರ್ಷದಲ್ಲಿ ಸುಮಾರು 260. ಗಾಳಿಯಲ್ಲಿ ನೀರಾವಿ ಕಡಿಮೆಯಾದ್ದರಿಂದ ಅವಕೆಂಪು ಬೆಳಕೂ ಸೋಸದೆ ನೆಲ ಮುಟ್ಟುತ್ತದೆ. ನಕ್ಷತ್ರಗಳಿಗೆ ಇಷ್ಟು ಅನುಕೂಲವಾದ ಜಾಗ ಮನುಷ್ಯರಿಗೆ ಅಷ್ಟೇ ಪ್ರತಿಕೂಲ. ಚಳಿಗಾಲದ ರಾತ್ರಿ ಪಾದರಸ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಇಳಿಯುತ್ತದೆ. ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಬೆಂಗಳೂರಿನಿಂದ ಹೋದವರು ಮೈ ಹೊಂದಿಸಿಕೊಳ್ಳಲು ದಿನಗಟ್ಟಲೆ ಕಾಯಬೇಕು. ಮೂರು ರಾತ್ರಿಯ ವೀಕ್ಷಣೆಗೆ ಎರಡು ವಾರದ ಪ್ರವಾಸ ಎಂದರೆ ಯಾವ ಲೆಕ್ಕಕ್ಕೂ ಸರಿಹೊಂದುವುದಿಲ್ಲ.

ಹೀಗಾಗಿ ದೂರನಿಯಂತ್ರಣ ಎಂಬುದು ಹಾನ್ಲೆಗೆ ಶೋಕಿಯ ಮಾತಾಗಿರಲಿಲ್ಲ. ಅದಿಲ್ಲದಿದ್ದರೆ ಯೋಜನೆಯೇ ಇಲ್ಲ ಎಂಬಂತಿತ್ತು. ಎರಡು ಮೀಟರ್ ಕನ್ನಡಿಯ ದೂರದರ್ಶಕವನ್ನು ಅಮೆರಿಕದ ಅರಿಜೋನಾದಲ್ಲಿ ತಯಾರಿಸಿ ತಂದು ಬೆಟ್ಟದ ಮೇಲೆ ನಿಲ್ಲಿಸಲಾಯಿತು. 2000ದ ಸೆಪ್ಟೆಂಬರಿನಲ್ಲಿ ಅದು ಮೊದಲ ಬೆಳಕನ್ನು ಕಂಡಿತು. ನೊಬೆಲ್ ಪುರಸ್ಕೃತ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿಗೆ 'ಹಿಮಾಲಯನ್ ಚಂದ್ರ ಟೆಲಿಸ್ಕೋಪ್' ಎಂಬ ಹೆಸರು ಬಂತು. 2001ರ ಜೂನ್‌ನಲ್ಲಿ ಹೊಸಕೋಟೆ ಮತ್ತು ಹಾನ್ಲೆಗಳ ನಡುವಿನ ಉಪಗ್ರಹ ಸಂಪರ್ಕದ ಉದ್ಘಾಟನೆಯಾಯಿತು.

ಅರ್ಧ ಸೆಕೆಂಡಿನ ಲೆಕ್ಕ

ಉಪಗ್ರಹದ ಮೂಲಕ ದೂರದರ್ಶಕ ನಡೆಸುವುದು ಟಿ.ವಿ. ರಿಮೋಟ್ ಒತ್ತಿದಷ್ಟು ಸರಳವೇ? ಅಲ್ಲ. ಸಂಪರ್ಕ ಉಪಗ್ರಹ ಇರುವುದು ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಹೊಸಕೋಟೆಯ ಆದೇಶ ಅಷ್ಟು ಎತ್ತರಕ್ಕೆ ಹೋಗಿ, ಅಷ್ಟೇ ಕೆಳಗಿಳಿದು ಹಾನ್ಲೆ ತಲುಪಬೇಕು. ಬೆಳಕಿನ ವೇಗದಲ್ಲಿ ಹೋದರೂ ಇದಕ್ಕೆ ಸುಮಾರು ಕಾಲು ಸೆಕೆಂಡು ಬೇಕು. 'ಆಯಿತು' ಎಂಬ ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡು. ಒಟ್ಟು ಅರ್ಧ ಸೆಕೆಂಡು.

ಫೋನಿನ ಮಾತಿಗೆ ಇದು ಸಣ್ಣ ಕಿರಿಕಿರಿ, ದೂರದರ್ಶಕಕ್ಕೆ ದೊಡ್ಡ ತೊಡಕು. ಭೂಮಿ ತಿರುಗುವುದರಿಂದ ಆಕಾಶ ಪ್ರತಿ ಸೆಕೆಂಡಿಗೆ 15 ವಿಕಲೆಯಷ್ಟು ಜರುಗುತ್ತದೆ. ಒಂದು ಡಿಗ್ರಿಯ 3,600ನೇ ಒಂದು ಭಾಗವೇ ವಿಕಲೆ. ಐದು ಕಿ.ಮೀ. ದೂರದಲ್ಲಿಟ್ಟ ಒಂದು ರೂಪಾಯಿ ನಾಣ್ಯ ಸುಮಾರು ಇಷ್ಟು ಚಿಕ್ಕದಾಗಿ ಕಾಣುತ್ತದೆ. ಒಳ್ಳೆಯ ಆಕಾಶದಲ್ಲಿ ನಕ್ಷತ್ರದ ಬಿಂಬದ ಅಗಲವೂ ಹೆಚ್ಚುಕಡಿಮೆ ಒಂದು ವಿಕಲೆಯೇ. ಮೋಟಾರಿನ ಪ್ರತಿ ಚಲನೆಗೂ ಹೊಸಕೋಟೆಯ ಅಪ್ಪಣೆಗಾಗಿ ಕಾಯುತ್ತಾ ನಿಂತರೆ ಆ ಅರ್ಧ ಸೆಕೆಂಡಿನಲ್ಲಿ ನಕ್ಷತ್ರ ಏಳೂವರೆ ವಿಕಲೆ ಆಚೆ ಹೋಗಿರುತ್ತದೆ.

ಪರಿಹಾರವೆಂದರೆ ಕೆಲಸದ ಹಂಚಿಕೆ. ಇಂಥ ವ್ಯವಸ್ಥೆಯಲ್ಲಿ ಎಲ್ಲವನ್ನೂ ಒಂದೇ ಕಂಪ್ಯೂಟರ್ ಮಾಡುವುದಿಲ್ಲ. ದೂರದರ್ಶಕದ ಮೋಟಾರುಗಳಿಗೆ ಒಂದು, ಗುಮ್ಮಟಕ್ಕೆ ಒಂದು, ಕ್ಯಾಮೆರಾಗೆ ಒಂದು, ಹವಾಮಾನದ ಅಳತೆಗೆ ಒಂದು ಎಂದು ಕೆಲಸ ಹಂಚಿಹೋಗಿರುತ್ತದೆ. ಅವು ಪರಸ್ಪರ ಸಂದೇಶ ಕಳಿಸಿಕೊಳ್ಳುತ್ತಾ ಒಟ್ಟಾಗಿ ನಡೆಯುತ್ತವೆ. ಕ್ಷಣಕ್ಷಣದ ತಿದ್ದುಪಡಿಯೆಲ್ಲ ಬೆಟ್ಟದ ಮೇಲಿನ ಯಂತ್ರಗಳದ್ದು. ದೂರದಿಂದ ಬರುವುದು 'ಈ ನಕ್ಷತ್ರಕ್ಕೆ ತಿರುಗು, ಈ ಸೋಸುಗ ಹಾಕು, ಹತ್ತು ನಿಮಿಷ ಬೆಳಕು ಹಿಡಿ' ಎಂಬಂಥ ದೊಡ್ಡ ಮಾತು ಮಾತ್ರ. ಏನು ಮಾಡಬೇಕೆಂದು ಹೇಳುವುದು ಯಜಮಾನನ ಕೆಲಸ. ಹೇಗೆಂಬುದು ನುರಿತ ಆಳಿಗೆ ಬಿಟ್ಟದ್ದು.

ಇನ್ನೊಂದು ತೊಡಕು ಚಿತ್ರಗಳ ಗಾತ್ರದ್ದು. ಉದ್ದಗಲಕ್ಕೆ 2,048 ಚುಕ್ಕಿಗಳಿರುವ ಒಂದು ಚಿತ್ರದಲ್ಲಿ ಒಟ್ಟು 42 ಲಕ್ಷ ಚುಕ್ಕಿಗಳು. ಪ್ರತಿ ಚುಕ್ಕಿಗೆ ಎರಡು ಬೈಟ್ ಎಂದರೂ 84 ಲಕ್ಷ ಬೈಟ್. ಸೆಕೆಂಡಿಗೆ ಹತ್ತು ಲಕ್ಷ ಬಿಟ್ ಸಾಗಿಸುವ ದಾರಿಯಲ್ಲಿ ಇಂಥ ಒಂದು ಚಿತ್ರ ಬರಲು ಒಂದು ನಿಮಿಷಕ್ಕೂ ಹೆಚ್ಚು ಬೇಕು. ಆದ್ದರಿಂದ ಯಾವುದನ್ನು ಕೂಡಲೇ ತರಿಸಬೇಕು, ಯಾವುದನ್ನು ಆಮೇಲೆ ಎಂಬ ವಿವೇಚನೆಯೂ ವೀಕ್ಷಣೆಯ ಭಾಗವಾಯಿತು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಸಂಪರ್ಕ ಕಡಿದರೆ ಏನು ಗತಿ ಎಂಬುದು. ಗುಮ್ಮಟ ತೆರೆದಿರುವಾಗ ಹಿಮ ಬೀಳತೊಡಗಿ, ಹೊಸಕೋಟೆಯ ಪರದೆ ಕಪ್ಪಾದರೆ ಕನ್ನಡಿಯ ಗತಿ? ದೂರನಿಯಂತ್ರಣದ ವ್ಯವಸ್ಥೆ ಕಟ್ಟುವವರೆಲ್ಲ ಪಾಲಿಸುವ ನಿಯಮವೊಂದಿದೆ. ತೆರೆ ಎಂದು ಹೇಳುವ ಅಧಿಕಾರ ದೂರದವರಿಗೆ ಇರಬಹುದು. ಮುಚ್ಚುವ ಅಧಿಕಾರ ಮಾತ್ರ ಸದಾ ಸ್ಥಳದಲ್ಲೇ ಇರಬೇಕು. ಗಾಳಿಯ ವೇಗ ಅಥವಾ ತೇವಾಂಶ ಮಿತಿ ಮೀರಿದರೆ ಯಾರ ಅಪ್ಪಣೆಗೂ ಕಾಯದೆ ಗುಮ್ಮಟ ಮುಚ್ಚಬೇಕು. ಕೊನೆಯ ಮಾತು ಬೆಟ್ಟದ್ದೇ.

ನೀರುಗಂಟಿಯ ಕೆಲಸ

ಉಪಕರಣ ಎಲ್ಲರ ಕೈಗೆ ಎಟಕುವಂತಾದ ಕೂಡಲೇ ಹೊಸ ಸಮಸ್ಯೆ ಹುಟ್ಟುತ್ತದೆ. ರಾತ್ರಿ ಒಂದೇ, ಕೇಳುವವರು ಹತ್ತು ಮಂದಿ. ಮೈಸೂರು ಸೀಮೆಯ ಕೆರೆಗಳ ಕೆಳಗಿನ ರೈತರಿಗೆ ಈ ಸಮಸ್ಯೆ ಹೊಸದೇನಲ್ಲ. ಕೆರೆಯ ತೂಬು ಎತ್ತುವ, ಇಳಿಸುವ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ಕಾಯುವ ನೀರುಗಂಟಿ ಇರುತ್ತಿದ್ದ. ಮೇಲಿನ ಗದ್ದೆಯವನು ಬಲಾಢ್ಯನೆಂದು ಅವನಿಗೇ ನೀರು ಬಿಟ್ಟರೆ ಕೊನೆಯ ಗದ್ದೆ ಒಣಗುತ್ತದೆ.

ದೂರದರ್ಶಕದ ನೀರುಗಂಟಿ ಎಂದರೆ ಸಮಯ ಹಂಚಿಕೆ ಸಮಿತಿ. ಹಾನ್ಲೆಯ ವರ್ಷವನ್ನು ನಾಲ್ಕು ತಿಂಗಳ ಮೂರು ಅವಧಿಗಳಾಗಿ ವಿಂಗಡಿಸಲಾಗಿದೆ. ಯಾವ ಕಾಯವನ್ನು ನೋಡಬೇಕು, ಏಕೆ, ಎಷ್ಟು ಹೊತ್ತು ಎಂದು ವಿಜ್ಞಾನಿಗಳು ಪ್ರತಿ ಅವಧಿಗೂ ಅರ್ಜಿ ಹಾಕುತ್ತಾರೆ. ಸಮಿತಿ ತೂಗಿ ನೋಡಿ ರಾತ್ರಿಗಳನ್ನು ಹಂಚುತ್ತದೆ. ದೂರದರ್ಶಕವನ್ನು ಕಟ್ಟಿದ ಸಂಸ್ಥೆಗೆ ಸೇರದವರೂ ಅರ್ಜಿ ಹಾಕಬಹುದು. ಸ್ವಂತ ದೂರದರ್ಶಕವೇ ಇಲ್ಲದ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿಗೆ ಹಿಮಾಲಯದ ಪ್ರಯಾಣ ಕೈಗೆಟುಕದ ಮಾತು. ಹೊಸಕೋಟೆಗೆ ಒಂದು ರೈಲು, ಒಂದು ಬಸ್ಸು ಸಾಕು. ದೂರನಿಯಂತ್ರಣದ ನಿಜವಾದ ಬೆಲೆ ಇರುವುದು ಇಲ್ಲಿ. ಹಣ ಮತ್ತು ಮೈಕಸುವು ಇದ್ದವರಿಗೆ ಮಾತ್ರ ತೆರೆದಿದ್ದ ಬಾಗಿಲು, ಒಳ್ಳೆಯ ಪ್ರಶ್ನೆ ಇರುವ ಯಾರಿಗಾದರೂ ತೆರೆಯುವಂತಾಯಿತು.

ಆದರೆ ಸರದಿ ಎಂಬುದು ಕಲ್ಲಿನಲ್ಲಿ ಕೊರೆದ ಶಾಸನವಲ್ಲ. ಎಲ್ಲೋ ಒಂದು ನಕ್ಷತ್ರ ಸಿಡಿದರೆ ಅದು ಅರ್ಜಿ ಹಾಕಿ ಸಿಡಿಯುವುದಿಲ್ಲ. ಅಂಥ ವೇಳೆಯಲ್ಲಿ ಸರದಿಯವರು ತಮ್ಮ ರಾತ್ರಿಯ ಒಂದು ಪಾಲನ್ನು ಬಿಟ್ಟುಕೊಡಬೇಕಾಗುತ್ತದೆ. ಬೆಟ್ಟಕ್ಕೆ ಹೋಗಿ ಕುಳಿತವನನ್ನು ಎಬ್ಬಿಸಿ ಇನ್ನೊಬ್ಬನನ್ನು ಕೂರಿಸುವುದು ಕಷ್ಟ. ದೂರನಿಯಂತ್ರಣದಲ್ಲಿ ಇದು ಕೆಲವೇ ನಿಮಿಷಗಳ ಮಾತು.

ಒಂದು ಸ್ಫೋಟ, ಮೂರು ಕಣ್ಣು

2023ರ ಮೇ 19ರಂದು ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇಟಗಾಕಿ ಅವರು ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಎಂ 101 ಎಂಬ ಗೆಲಾಕ್ಸಿಯಲ್ಲಿ ಹೊಸ ಚುಕ್ಕಿಯೊಂದನ್ನು ಕಂಡರು. ಎರಡು ಕೋಟಿಗೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿ ದೈತ್ಯ ನಕ್ಷತ್ರವೊಂದು ಸಿಡಿದಿತ್ತು. ಇಂಥ ಸ್ಫೋಟದ ಮೊದಲ ದಿನಗಳ ಬೆಳಕು ಬಹು ಅಮೂಲ್ಯ. ಸಾಯುವ ಮುನ್ನ ನಕ್ಷತ್ರ ತನ್ನ ಸುತ್ತ ಚೆಲ್ಲಿಕೊಂಡ ಅನಿಲದ ಸುಳಿವು ಆ ಬೆಳಕಿನಲ್ಲಿರುತ್ತದೆ. ಕೆಲವೇ ದಿನಗಳಲ್ಲಿ ಆ ಸುಳಿವು ಅಳಿಸಿಹೋಗುತ್ತದೆ.

ಭಾರತದ ವಿಜ್ಞಾನಿಗಳು ಈ ಸ್ಫೋಟವನ್ನು ಮೂರು ಕಡೆಗಳಿಂದ ಹಿಡಿದರು. ಚಂದ್ರ ದೂರದರ್ಶಕ ಅದರ ರೋಹಿತಗಳನ್ನು ತೆಗೆಯಿತು. ಅದೇ ಬೆಟ್ಟದ ಮೇಲೆ 2018ರಲ್ಲಿ ನೆಲೆಗೊಂಡ 'ಗ್ರೋತ್ ಇಂಡಿಯಾ' ಎಂಬ 0.7 ಮೀಟರ್ ದೂರದರ್ಶಕ ಬೆಳಕಿನ ಏರಿಳಿತವನ್ನು ಅಳೆಯಿತು. ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಐಐಟಿ ಸೇರಿ ನಿಲ್ಲಿಸಿದ ಇದು ಸ್ವಯಂಚಾಲಿತ, ಗುಂಡಿ ಒತ್ತಲೂ ಮನುಷ್ಯ ಬೇಕಿಲ್ಲ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹ ಅತಿನೇರಿಳೆ ಬೆಳಕನ್ನು ಹಿಡಿಯಿತು. ಅದಕ್ಕೆ ಆದೇಶ ಹೋಗುವುದು ಇಸ್ರೋದ ಬೆಂಗಳೂರಿನ ಕೇಂದ್ರದಿಂದ. ಮೂರೂ ಉಪಕರಣಗಳ ಪಕ್ಕದಲ್ಲಿ ಖಗೋಳ ವಿಜ್ಞಾನಿ ನಿಂತಿರಲಿಲ್ಲ ಎಂಬುದನ್ನು ಗಮನಿಸಬೇಕು.

ದೂರದ ಬೆಟ್ಟ ನುಣ್ಣಗೆ

ಹಾಗಾದರೆ ಬೆಟ್ಟದ ಮೇಲೆ ಮನುಷ್ಯರೇ ಬೇಡವೇ? ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಇಲ್ಲಿ ನೆನೆಯಬೇಕು. ಹೊಸಕೋಟೆಯ ಪರದೆಯಲ್ಲಿ ನುಣುಪಾಗಿ ಕಾಣುವ ವ್ಯವಸ್ಥೆಯ ಹಿಂದೆ ಹಾನ್ಲೆಯ ಚಳಿಯಲ್ಲಿ ದುಡಿಯುವ ಕೈಗಳಿವೆ. ಕ್ಯಾಮೆರಾ ತಣ್ಣಗಿರಲು ದ್ರವ ಸಾರಜನಕ ತುಂಬುವವರು, ಸೌರಫಲಕಗಳ ಮೇಲಿನ ಹಿಮ ಸರಿಸುವವರು, ಸಿಕ್ಕಿಹಾಕಿಕೊಂಡ ಗುಮ್ಮಟವನ್ನು ನಡುರಾತ್ರಿ ಬಿಡಿಸುವವರು ಅವರು. ಅವರಲ್ಲಿ ಹಲವರು ಲಡಾಖ್‌ನವರೇ. ವೀಕ್ಷಣಾಲಯದ ಉಸ್ತುವಾರಿ ಎಂಜಿನಿಯರ್ ದೋರ್ಜೆ ಅಂಗ್ಚುಕ್ ಅವರೂ ಲಡಾಖಿನವರು. ಹಾನ್ಲೆಯ ರಾತ್ರಿಯಾಕಾಶದ ಅವರ ಛಾಯಾಚಿತ್ರಗಳು ಖ್ಯಾತಿ ಪಡೆದಿವೆ. ಸಂಶೋಧನಾ ಪ್ರಬಂಧದ ಶೀರ್ಷಿಕೆಯ ಕೆಳಗೆ ಬರುವುದು ಕೀಲಿಮಣೆ ಒತ್ತಿದವರ ಹೆಸರು. ಬೆಟ್ಟದವರ ಪಾಲಿಗೆ ಹೆಚ್ಚಾಗಿ ಉಳಿಯುವುದು ಕೊನೆಯ ಪುಟದ ಕೃತಜ್ಞತೆಯ ಸಾಲು.

ಹಳ್ಳಿಯ ಪಾಲೂ ಇಲ್ಲಿದೆ. ಆಕಾಶ ಕತ್ತಲಾಗಿ ಉಳಿಯಬೇಕಾದರೆ ಹಳ್ಳಿಗರು ದೀಪದ ಬೆಳಕನ್ನು ಹದ್ದುಬಸ್ತಿನಲ್ಲಿ ಇಡಬೇಕು. 2022ರಲ್ಲಿ ಹಾನ್ಲೆಯ ಸುತ್ತಲಿನ 1,073 ಚದರ ಕಿ.ಮೀ. ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದಾಗ ಅವರ ಮುಂದಿದ್ದದ್ದು ಇದೇ ಪ್ರಶ್ನೆ. ಕತ್ತಲು ಕಾಯುವವರು ನಾವು, ಲಾಭ ದೂರದವರಿಗೇ? ಊರಿನ ಕೆಲವರಿಗೆ ಚಿಕ್ಕ ದೂರದರ್ಶಕಗಳನ್ನು ಕೊಟ್ಟು, ಪ್ರವಾಸಿಗರಿಗೆ ಆಕಾಶ ತೋರಿಸುವ ತರಬೇತಿ ನೀಡಿದ್ದು ಇದಕ್ಕೆ ಸಿಕ್ಕ ಒಂದು ಉತ್ತರ. ಆಕಾಶ ಈಗ ಅವರಿಗೆ ಆದಾಯದ ದಾರಿಯೂ ಹೌದು.

ಇನ್ನೊಂದು ನಷ್ಟ ಸದ್ದಿಲ್ಲದೆ ಆಗುತ್ತದೆ. ಹಳೆಯ ವೀಕ್ಷಕ ದೂರದರ್ಶಕದ ಸದ್ದು ಕೇಳಿಯೇ ಎಲ್ಲೋ ಗೇರು ಸವೆದಿದೆ ಎಂದು ಹೇಳಬಲ್ಲವನಾಗಿದ್ದ. ಪರದೆಯ ಮುಂದೆ ಬೆಳೆದ ವಿದ್ಯಾರ್ಥಿಗೆ ಅಂಕಿಗಳು ಬರುತ್ತವೆ, ಅವು ತಪ್ಪಿದಾಗ ಏಕೆ ತಪ್ಪಿದವು ಎಂಬುದು ಹೊಳೆಯುವುದು ಕಷ್ಟ. ಗುಂಡಿ ಒತ್ತುವುದೂ ಯಂತ್ರಕ್ಕೇ ಹೋದ ಮೇಲೆ ಈ ಅಂತರ ಇನ್ನೂ ಹಿಗ್ಗುತ್ತದೆ. ಹೀಗಾಗಿ ದೂರದಿಂದ ನಡೆಸುವ ಉಪಕರಣಗಳು ಹೆಚ್ಚಿದಷ್ಟೂ, ಕೈಯಿಂದ ಬಿಚ್ಚಿ ಜೋಡಿಸಿ ಕಲಿಯಲು ಹತ್ತಿರದಲ್ಲೊಂದು ಚಿಕ್ಕ ಉಪಕರಣ ಇರಬೇಕಾದ ಅಗತ್ಯವೂ ಹೆಚ್ಚುತ್ತದೆ.

ದೂರವನ್ನು ತಂತಿಗಳು ಮತ್ತು ಉಪಗ್ರಹಗಳು ಗೆದ್ದಿವೆ. ಇನ್ನುಳಿದಿರುವುದು ಹಂಚಿಕೆಯ ನ್ಯಾಯ. ರಾತ್ರಿ ಯಾರಿಗೆ ಸಿಗುತ್ತದೆ, ದುಡಿಮೆಯ ಹೆಸರು ಯಾರಿಗೆ ಬರುತ್ತದೆ, ಕತ್ತಲು ಕಾದವರಿಗೆ ಏನು ಉಳಿಯುತ್ತದೆ ಎಂಬುದನ್ನು ಯಾವ ಕಂಪ್ಯೂಟರ್ ಜಾಲವೂ ತಾನಾಗಿ ತೀರ್ಮಾನಿಸುವುದಿಲ್ಲ. ತೂಬಿನ ಬಳಿ ನಿಂತವರೇ ಅದನ್ನು ತೀರ್ಮಾನಿಸಬೇಕು.